ಕಡಲ ಕಲ್ಲು: ಹೆಕ್ಕುವ ಮೊದಲೇ ಯಾರಿಗೆಂದು ನಿಶ್ಚಯವಾಗಲಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಘಟ್ಟ ಇಳಿಯತೊಡಗುತ್ತವೆ. ಗೋಕರ್ಣ, ಮುರ್ಡೇಶ್ವರ, ಮಲ್ಪೆ ಎಂದು ಸುತ್ತಿ ಹೊರಡುವ ಹೊತ್ತಿಗೆ ಮಕ್ಕಳ ಜೇಬು, ಟಿಫಿನ್ ಡಬ್ಬಿ, ಕೊನೆಗೆ ಕಾಲುಚೀಲದೊಳಗೂ ಕಲ್ಲು, ಚಿಪ್ಪು ಸೇರಿಕೊಂಡಿರುತ್ತವೆ. ಈಚೆಗೆ ಇದಕ್ಕೆ ಇನ್ನೊಂದು ರೂಢಿಯೂ ಜೊತೆಯಾಗಿದೆ. ನುಣುಪಾದ ಕಲ್ಲಿಗೆ ಬಣ್ಣ ಬಳಿದು, ಒಂದು ಒಳ್ಳೆಯ ಮಾತು ಬರೆದು, ಗುರುತಿಲ್ಲದ ಯಾರಿಗಾದರೂ ಸಿಗಲಿ ಎಂದು ದಾರಿಬದಿಯಲ್ಲೋ ಪಾರ್ಕಿನ ಬೆಂಚಿನ ಮೇಲೋ ಇಟ್ಟುಬರುವುದು. ಅಮೆರಿಕದ ಮೆಸಾಚುಸೆಟ್ಸ್‌ನ ಕೇಪ್ ಕಾಡ್ ತೀರದಲ್ಲಿ 2015ರಲ್ಲಿ ಮೇಗನ್ ಮರ್ಫಿ ಎಂಬುವರು ಆರಂಭಿಸಿದ ಈ ಕೆಲಸ ಬೇಗನೆ ಹಲವು ದೇಶಗಳಿಗೆ ಹಬ್ಬಿತು. ಮನೆಮಂದಿಯೆಲ್ಲ ಕೂತು ಮಾಡಬಹುದಾದದ್ದು, ದುಡ್ಡು ಹೆಚ್ಚು ಬೇಡದ್ದು, ಮಕ್ಕಳಿಗೆ ಕೊಡುವ ಸುಖ ಕಲಿಸುವಂಥದ್ದು. ನಮಗೂ ಇದು ಪ್ರೀತಿಯ ವಿಷಯವೇ. ಆದರೆ ರಜೆಯ ಪುಟಗಳಲ್ಲಿ ಇದನ್ನು ಹೇಳಿಕೊಡುವಾಗ ‘ಕಲ್ಲು ತನ್ನಿ, ತೊಳೆಯಿರಿ, ಬಣ್ಣ ಹಚ್ಚಿ’ ಎಂದು ಮೂರೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕಲ್ಲು ಎಲ್ಲಿಂದ, ಎಷ್ಟು, ಯಾವುದು, ಬಣ್ಣ ಹಚ್ಚಿದ ಮೇಲೆ ಅದು ಎಲ್ಲಿಗೆ ಹೋಗಬೇಕು ಎಂಬುದನ್ನೂ ಜೊತೆಯಲ್ಲೇ ಹೇಳದಿದ್ದರೆ ಒಳ್ಳೆಯ ಕೆಲಸ ಕಡಲ ಕರೆಗೆ, ಎಂದರೆ ದಂಡೆಗೆ, ಹೊರೆಯಾಗುತ್ತದೆ. ಅದಕ್ಕಾಗಿ ಈ ಪತ್ರ.

ಎಲ್ಲಕ್ಕಿಂತ ಮೊದಲನೆಯದು, ಹೆಕ್ಕುವ ಮುನ್ನವೇ ಕಲ್ಲು ಯಾರಿಗೆ ಎಂದು ನಿಶ್ಚಯವಾಗಿರಬೇಕು. ಮೊಣಕಾಲು ನೋವಿನಿಂದ ಪ್ರವಾಸಕ್ಕೆ ಬರಲಾಗದ ಅಜ್ಜಿಗೆ, ಪಕ್ಕದ ಮನೆಯ ಹುಡುಗಿಗೆ, ದೂರದ ಊರಿನಲ್ಲಿ ಓದುತ್ತಿರುವ ಅಣ್ಣನಿಗೆ, ಬಸ್ಸಿನ ಚಾಲಕರಿಗೆ. ಮನೆಯಿಂದ ಹೊರಡುವಾಗಲೇ ಒಂದು ಚೀಟಿಯಲ್ಲಿ ಹೆಸರು ಬರೆದುಕೊಂಡರೆ ಸಾಕು. ಹೆಸರಿಲ್ಲದೆ ಹೊರಟವರು ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಹೆಕ್ಕುತ್ತಾರೆ. ಊರು ಮುಟ್ಟಿದ ಮೇಲೆ ಆ ಚೀಲ ಬಚ್ಚಲ ಮೂಲೆಗೋ ಹೂಕುಂಡಕ್ಕೋ ಸೇರುತ್ತದೆ. ಹೆಸರು ಹಿಡಿದು ಹೊರಟವರ ಹುಡುಕಾಟವೇ ಬೇರೆ. ಅಜ್ಜಿಗಾದರೆ ಮುಷ್ಟಿಯಲ್ಲಿ ಕೂರುವ, ಬೆರಳಿಗೆ ಚುಚ್ಚದ ಕಲ್ಲು ಬೇಕು. ಅಣ್ಣನಿಗೆ ಪುಸ್ತಕದ ಮೇಲೆ ಇಡಲು ಚಪ್ಪಟೆಯದು ಬೇಕು. ಪುಟ್ಟ ಹುಡುಗಿಗೆ ಕಲ್ಲಾಟಕ್ಕೆ ಐದು ಒಂದೇ ಅಳತೆಯವು ಬೇಕು. ಕೊಡುವವರನ್ನು ನೆನೆದು ಅರ್ಧ ತಾಸು ಹೊಯ್ಗೆಯ (ಮರಳಿನ) ಮೇಲೆ ಬಗ್ಗಿ ನಡೆಯುವುದಿದೆಯಲ್ಲ, ಈ ರೂಢಿಯ ತಿರುಳು ಅದೇ. ಬಣ್ಣ, ಬರಹ ಎಲ್ಲ ಆಮೇಲಿನದು.

ಒಬ್ಬರಿಗೆ ಒಂದು ಕಲ್ಲು, ಆಟದ ಕಲ್ಲಾದರೆ ಒಂದು ಜೊತೆ. ಇದಕ್ಕಿಂತ ಹೆಚ್ಚು ಬೇಡ ಎನ್ನುವುದಕ್ಕೆ ಲೆಕ್ಕವಿದೆ. ನಮ್ಮ ಕಗ್ಗಲ್ಲು, ಬೆಣಚುಕಲ್ಲುಗಳು ನೀರಿಗಿಂತ ಎರಡೂವರೆ ಪಟ್ಟಿಗೂ ಮಿಕ್ಕಿ ತೂಗುತ್ತವೆ. 5 ಸೆಂ.ಮೀ. ಅಡ್ಡಳತೆಯ ಉರುಟು ಕಲ್ಲು ಸುಮಾರು 175 ಗ್ರಾಂ. ಒಂದು ಬಸ್ಸಿನ 50 ಮಕ್ಕಳು ಇಂಥ ಮೂರು ಮೂರು ಕಲ್ಲು ಎತ್ತಿದರೆ 26 ಕಿಲೋ ಆಯಿತು. ಒಂದು ವಾರಾಂತ್ಯಕ್ಕೆ 20 ಬಸ್ಸು ಬಂದರೆ ಅರ್ಧ ಟನ್ನು. ಕಡಲಿಗೆ ಇದೇನು ಮಹಾ ಎಂದು ಕೇಳುವವರಿದ್ದಾರೆ. ಆದರೆ ಜನ ಎಲ್ಲ ಕಡೆಯಿಂದ ಎತ್ತುವುದಿಲ್ಲ. ವಾಹನ ನಿಲ್ಲುವ ಜಾಗದಿಂದ ಇನ್ನೂರು ಹೆಜ್ಜೆಯೊಳಗಿನ ಒಂದು ಸಣ್ಣ ಪಟ್ಟಿಯಿಂದಲೇ, ಅದೂ ಉರುಟಾದ, ನುಣುಪಾದ, ಬಣ್ಣದ ಕಲ್ಲುಗಳನ್ನೇ ಆರಿಸಿ ಎತ್ತುತ್ತಾರೆ. ಒಂದು ಬೆಣಚುಕಲ್ಲಿನ ಮೂಲೆ ಸವೆದು ಉರುಟಾಗಲು ಎಷ್ಟೋ ತಲೆಮಾರು ಹಿಡಿಯುತ್ತದೆ, ಅದು ಮರುವರ್ಷ ಹುಟ್ಟಿಬರುವ ಬೆಳೆಯಲ್ಲ.

ಇನ್ನು ಜಾಗ ಮತ್ತು ಹೊತ್ತಿನ ಮಾತು. ನಮ್ಮ ಕರಾವಳಿ ಬಹುಪಾಲು ಹೊಯ್ಗೆಯ ಕರೆ, ಕಲ್ಲು ಎಲ್ಲೆಂದರಲ್ಲಿ ಸಿಗುವುದಿಲ್ಲ. ಗುಡ್ಡದ ಮೂಗು ನೀರಿಗೆ ಚಾಚಿಕೊಂಡಿರುವ ಕಡೆ, ಅದರ ಬುಡದಲ್ಲಿ ಮತ್ತು ಹೊಳೆ ಕಡಲು ಸೇರುವ ಅಳವೆಗಳ ಬಾಯಲ್ಲಿ ಹುಡುಕಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳೆಲ್ಲ ಘಟ್ಟದಿಂದ ಉರುಳಿಸಿಕೊಂಡು ಬಂದದ್ದರಲ್ಲಿ ಒಂದಷ್ಟನ್ನು ಅಲ್ಲೇ ಬಿಟ್ಟಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಬ್ಬರದ ತೆರೆಗಳು ಹೊಯ್ಗೆಯನ್ನು ಕೆರೆದು ಒಳಗೆ ಒಯ್ಯುವುದರಿಂದ ತಳದ ಕಲ್ಲು ಬಯಲಾಗುತ್ತದೆ. ಮಳೆ ನಿಂತ ಮೇಲೆ ಸಣ್ಣ ತೆರೆಗಳು ಅದೇ ಹೊಯ್ಗೆಯನ್ನು ಮೆಲ್ಲಗೆ ಮರಳಿ ತಂದು ಹಾಸುತ್ತವೆ. ಹೀಗಾಗಿ ಅಕ್ಟೋಬರ್ ಮೊದಲ ವಾರಗಳಲ್ಲಿ ಕಲ್ಲು ಹೆಚ್ಚು ಕಾಣುತ್ತದೆ, ಪ್ರವಾಸದ ತಿಂಗಳುಗಳಲ್ಲಿ ಕಡಿಮೆ. ಕಾಣುತ್ತಿಲ್ಲವೆಂದು ಅಗೆಯಲು ಹೋಗಬಾರದು. ಮೇಲೆ ಬಿದ್ದದ್ದು ಮಾತ್ರ ನಮ್ಮ ಪಾಲಿನದು.

ದಿನಕ್ಕೆ ಎರಡು ಬಾರಿ ಭರತ, ಎರಡು ಬಾರಿ ಇಳಿತ. ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಸಣ್ಣದು. ಪೂರ್ತಿ ಇಳಿತಕ್ಕೆ ಒಂದೂವರೆ ತಾಸು ಮುಂಚೆ ಇಳಿದು, ನೀರು ತಿರುಗಿದ ಕೂಡಲೇ ಮೇಲೆ ಬರುವುದು ಸರಿ. ಗುಡ್ಡದ ಮೂಗಿನ ಬುಡದಲ್ಲಿ ಕೂತವರಿಗೆ ನೀರು ಹಿಂದಿನಿಂದ ದಾರಿ ಕಟ್ಟುವುದು ಗೊತ್ತೇ ಆಗುವುದಿಲ್ಲ. ಕಪ್ಪಾಗಿ, ಒದ್ದೆಯಾಗಿ ಹೊಳೆಯುವ ಬಂಡೆಯಲ್ಲಿ ಪಾಚಿ ಇರುತ್ತದೆ, ರಬ್ಬರ್ ಚಪ್ಪಲಿ ಅಲ್ಲಿ ನಿಲ್ಲದು. ಬಂಡೆಗೆ ಕಚ್ಚಿಕೊಂಡ ಸಿಂಪಿಗಳ ಅಂಚು ಬ್ಲೇಡಿನಷ್ಟು ಹರಿತ. ಹಿಂಬದಿ ಪಟ್ಟಿಯಿರುವ ಚಪ್ಪಲಿಯೋ ಹಳೆಯ ಕ್ಯಾನ್ವಾಸ್ ಬೂಟೋ ಇರಲಿ. ಅಂಗೈಗಿಂತ ದೊಡ್ಡ ಕಲ್ಲನ್ನು ಮಗುಚಿ ನೋಡಿದರೆ, ಹೇಗಿತ್ತೋ ಹಾಗೆಯೇ ಮತ್ತೆ ಮಗುಚಿ ಇಡಬೇಕು. ಅದರಡಿ ಏಡಿಮರಿಗಳು, ಹುಳುಗಳು ನೆರಳಿಗೆಂದು ಕೂತಿರುತ್ತವೆ, ಬಿಸಿಲಿಗೆ ಬಿದ್ದರೆ ತಾಸಿನೊಳಗೆ ಒಣಗುತ್ತವೆ. ಶಂಕುವಿನಾಕಾರದ, ಚಿತ್ತಾರದ ಚಿಪ್ಪನ್ನಂತೂ ಬರಿಗೈಯಲ್ಲಿ ಎತ್ತಲೇಬಾರದು. ಒಳಗೆ ಜೀವವಿದ್ದರೆ ಅದು ವಿಷದ ಮುಳ್ಳು ಚುಚ್ಚುತ್ತದೆ.

ಕೈ ಹಾಕಬಾರದ ಕಡೆಗಳೂ ಇವೆ. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುವ ಕಾಲದಲ್ಲಿ ಹರಿದ ಲಾವಾ ತಣಿದು ಆದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅಲ್ಲಿಂದ ಒಂದು ಚಕ್ಕೆಯೂ ಬೇಡ. ಕಾರವಾರದಾಚೆ ಮಾಜಾಳಿಯ ಬಳಿಯ ತಿಳ್ಮಾತಿಯಲ್ಲಿ ಎಳ್ಳು ಹರಡಿದಂತೆ ಕರಿಯ ಹರಳು ಹಾಸಿದೆ, ಹೆಸರೇ ಎಳ್ಳಿನಿಂದ ಬಂದದ್ದು. ಸಣ್ಣ ಕೊಲ್ಲಿ ಅದು, ಶೀಶೆ ತುಂಬಿಕೊಂಡು ಹೋಗುವವರು ಹೆಚ್ಚಿದರೆ ಉಳಿಯಲಾರದು. ಮರವಂತೆ, ಉಳ್ಳಾಲದಂಥ ಕಡೆ ಕಡಲ್ಕೊರೆತಕ್ಕೆ ಒಡ್ಡಿದ ತಡೆಗೋಡೆಗಳ ದೊಡ್ಡ ಬಂಡೆಗಳ ಸಂದಿಯಲ್ಲಿ ಸಣ್ಣ ಕಲ್ಲುಗಳಿರುತ್ತವೆ. ಅವು ಬಂಡೆ ಅಲುಗದಂತೆ ಹಿಡಿದಿರುವ ಬೆಣೆಗಳು, ಕೀಳಬಾರದು. ಊರುಗಳ ಅಂಚಿನಲ್ಲಿ ಮರದಡಿ ಕಾಣುವ ಕೆತ್ತದ ಕಲ್ಲು ನಾಗನದೋ ಚೌಡಿಯದೋ ಜಟಕನದೋ ಆಗಿರಬಹುದು. ಹೂವು, ಕುಂಕುಮ ಇಲ್ಲದಿದ್ದರೂ ಮುಟ್ಟದಿರುವುದು ಲೇಸು, ಅದರ ಪಕ್ಕ ಬಣ್ಣದ ಕಲ್ಲು ತಂದಿಡುವುದೂ ಬೇಡ.

ಕಾನೂನಿನ ಮಾತನ್ನೂ ಹೇಳಬೇಕು. ಕರಾವಳಿ ನಿಯಂತ್ರಣ ವಲಯದ 2011ರ ಮತ್ತು 2019ರ ಅಧಿಸೂಚನೆಗಳು ತೀರದಲ್ಲಿ ಮರಳು, ಕಲ್ಲು ತೆಗೆಯುವ ಗಣಿಗಾರಿಕೆಯನ್ನು ನಿಷೇಧಿಸುತ್ತವೆ. ಅದು ಮಗುವಿನ ಕೈಯ ಒಂದು ಕಲ್ಲನ್ನು ಕುರಿತದ್ದಲ್ಲ, ಆದರೆ ಅಕ್ವೇರಿಯಂಗೆಂದೋ ತೋಟದ ಅಲಂಕಾರಕ್ಕೆಂದೋ ಮೂಟೆ ಹೊರುವವರು ಅದನ್ನು ನೆನಪಿನಲ್ಲಿಡಬೇಕು. ಹವಳದ ವಿಷಯದಲ್ಲಂತೂ ರಿಯಾಯಿತಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕಲ್ಲುಹವಳಗಳು ಸೇರಿವೆ, ಒಂದು ತುಂಡು ಬ್ಯಾಗಿನಲ್ಲಿದ್ದರೂ ತೊಂದರೆಯೇ. ಸುತ್ತ ಹವಳವಿರುವ ನೇತ್ರಾಣಿಗೆ ಮುರ್ಡೇಶ್ವರದಿಂದ ಹೋಗಿಬರುವವರು ಇದನ್ನು ತಿಳಿದಿರಲಿ. ಬಿಳಿ ಕಲ್ಲೋ ಹವಳವೋ ಎಂಬ ಅನುಮಾನ ಬಂದರೆ ಮೈಯಲ್ಲಿ ಸೂಜಿ ಚುಚ್ಚಿದಂಥ, ನಕ್ಷತ್ರದಂಥ ಸಣ್ಣ ಗುಳಿಗಳ ಸಾಲು ಇದೆಯೇ ನೋಡಿ, ಇದ್ದರೆ ಅಲ್ಲೇ ಬಿಡಿ. ನಿಂಬೆರಸ ಎರಡು ಹನಿ ಹಾಕಿದರೆ ಹವಳವೂ ಚಿಪ್ಪೂ ನೊರೆ ಬಿಡುತ್ತವೆ, ಬೆಣಚುಕಲ್ಲು ಸುಮ್ಮನಿರುತ್ತದೆ.

ಹೊರದೇಶಗಳಿಗೆ ಹೋಗುವ, ಅಲ್ಲೇ ನೆಲೆಸಿರುವ ಕನ್ನಡಿಗರೂ ಅಲ್ಲಿನ ನಿಯಮ ಕೇಳಿಕೊಳ್ಳಬೇಕು. ಇಟಲಿಯ ಸಾರ್ಡೀನಿಯ ದ್ವೀಪದಲ್ಲಿ 2017ರ ಕಾನೂನಿನಂತೆ ಮರಳು, ಕಲ್ಲು, ಚಿಪ್ಪು ಒಯ್ದವರಿಗೆ 500ರಿಂದ 3,000 ಯೂರೋವರೆಗೆ ದಂಡವಿದೆ. ಬ್ರಿಟನ್ನಿನಲ್ಲಿ 1949ರ ಕರಾವಳಿ ರಕ್ಷಣಾ ಕಾಯ್ದೆಯನ್ನು ಹಿಡಿದು ಬೀಚುಗಳಿಂದ ಕಲ್ಲು ಒಯ್ಯದಂತೆ ಫಲಕ ಹಾಕಿದ್ದಾರೆ. ಅಮೆರಿಕದ ಮಿಶಿಗನ್ ರಾಜ್ಯದ್ದು ನಡುವಿನ ದಾರಿ. ಸರೋವರದ ತೀರದ ಸರ್ಕಾರಿ ಜಾಗದಿಂದ ಒಬ್ಬರು ವರ್ಷಕ್ಕೆ 25 ಪೌಂಡ್, ಎಂದರೆ 11 ಕಿಲೋ ಚಿಲ್ಲರೆ ತೆಗೆದುಕೊಳ್ಳಬಹುದು. ಮಿತಿ ಹಾಕಿ ಕೊಡುವ ಈ ಪದ್ಧತಿ ನಮಗೆ ಮೆಚ್ಚುಗೆಯಾಗುತ್ತದೆ, ಅದರಲ್ಲಿ ಜನರ ಮೇಲೆ ನಂಬಿಕೆಯೂ ಇದೆ, ತೀರದ ಮೇಲೆ ಕಾಳಜಿಯೂ ಇದೆ.

ಯಾವ ಕಲ್ಲು ಆರಿಸಬೇಕು? ನಮ್ಮಲ್ಲಿ ಮುಖ್ಯವಾಗಿ ಸಿಗುವುದು ಮೂರು ಬಗೆ. ಕೆಂಪಗೆ, ತೂತುತೂತಾಗಿರುವ ಜಂಬಿಟ್ಟಿಗೆ. ಉತ್ತರ ಕನ್ನಡದಲ್ಲಿ ಇದೇ ಚಿರೆಕಲ್ಲು, ಕುಂದಾಪುರ, ಉಡುಪಿ ಕಡೆ ಮುರಕಲ್ಲು. ಇದು ನೀರು ಕುಡಿಯುತ್ತದೆ, ಕೈಗೆ ಕೆಂಪು ಹತ್ತುತ್ತದೆ, ಬಣ್ಣ ಹಿಡಿಯದು, ಉಪ್ಪನ್ನೂ ಬಿಡದು. ಕೊಡಲು ಒಗ್ಗುವುದಿಲ್ಲ. ಎರಡನೆಯದು ಬೂದು, ಕಪ್ಪು ಕಗ್ಗಲ್ಲು. ಬರಹಕ್ಕೆ ಇದರಷ್ಟು ಒಳ್ಳೆಯದಿಲ್ಲ. ಮೂರನೆಯದು ಬಿಳಿ, ಹಾಲುಬಣ್ಣ, ಕೆಲವೊಮ್ಮೆ ಜೇನಿನ ಬಣ್ಣದ ಬೆಣಚುಕಲ್ಲು. ಒಂದರಿಂದ ಹತ್ತರವರೆಗಿನ ಗಟ್ಟಿತನದ ಅಳತೆಯಲ್ಲಿ ಅದು 7, ಚಾಕುವಿನ ಉಕ್ಕು ಐದೂವರೆ. ಚಾಕು ಅದರ ಮೇಲೆ ಗೀರು ಎಳೆಯದು, ಅದೇ ಗಾಜಿನ ಮೇಲೆ ಗೀರು ಎಳೆಯುತ್ತದೆ. ಇದಕ್ಕೆ ಬಣ್ಣ ಬಳಿಯುವುದು ತಪ್ಪೆಂದೇ ನಮ್ಮ ಎಣಿಕೆ. ಬೆಳಕಿಗೆ ಹಿಡಿದರೆ ಒಳಗೆ ಬೆಳಗುವ ಕಲ್ಲನ್ನು ಮುಚ್ಚಿ ಏನು ಮಾಡುವುದು?

ಒದ್ದೆ ಕಲ್ಲಿನ ಬಣ್ಣಕ್ಕೆ ಮರುಳಾಗಿ ತಂದದ್ದು ಮನೆಯಲ್ಲಿ ಮಂಕಾಗಿ ಕಾಣುತ್ತದೆ ಎಂಬುದು ಎಲ್ಲ ಮಕ್ಕಳ ದೂರು. ಒಣಗಿದ ಕಲ್ಲಿನ ಮೈಮೇಲೆ ಕಣ್ಣಿಗೆ ಕಾಣದ ಸಾವಿರಾರು ಗೀರುಗಳಿದ್ದು, ಬಿದ್ದ ಬೆಳಕು ಎಲ್ಲ ಕಡೆಗೆ ಚೆದರಿ ಬೂದಿ ಬಳಿದಂತೆ ಕಾಣುತ್ತದೆ. ನೀರು ಆ ಗೀರುಗಳನ್ನು ತುಂಬಿದಾಗ ಬೆಳಕು ಒಳಗೆ ಹೊಕ್ಕು ಬಣ್ಣ ತೋರುತ್ತದೆ. ಆದ್ದರಿಂದ ಆರಿಸಿದ ಕಲ್ಲನ್ನು ಬಟ್ಟೆಯಲ್ಲಿ ಒರೆಸಿ ಹತ್ತು ನಿಮಿಷ ನೆರಳಲ್ಲಿಟ್ಟು, ಆಮೇಲೂ ಬೇಕೆನ್ನಿಸಿದರೆ ಮಾತ್ರ ಚೀಲಕ್ಕೆ ಹಾಕಿಕೊಳ್ಳಿ. ಹತ್ತರಲ್ಲಿ ಏಳು ಕಲ್ಲು ಇಲ್ಲೇ ಉಳಿಯುತ್ತವೆ. ಒದ್ದೆ ಬಣ್ಣವೇ ಬೇಕೆಂದರೆ ಗಾಜಿನ ಬಟ್ಟಲಲ್ಲಿ ನೀರಿಟ್ಟು ಅದರೊಳಗೆ ಇಡಬಹುದು. ಆದರೆ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಬಟ್ಟಲನ್ನು ಉಜ್ಜಬೇಕು, ಇಲ್ಲದಿದ್ದರೆ ವಾರದೊಳಗೆ ಸೊಳ್ಳೆಮರಿ ಹುಟ್ಟುತ್ತವೆ. ಕೊಬ್ಬರಿ ಎಣ್ಣೆ ಸವರುವವರಿದ್ದಾರೆ, ಅದು ಒಣಗುವುದಿಲ್ಲ, ಧೂಳು ಹಿಡಿದು ಜಿಡ್ಡಾಗುತ್ತದೆ. ಅಗಸೆ ಎಣ್ಣೆ ಒಣಗುತ್ತದೆ. ಒಂದು ಕಲ್ಲಿಗೆ ಮೂರು ನಾಲ್ಕು ಹನಿ, ಹತ್ತು ನಿಮಿಷ ಬಿಟ್ಟು ಮೇಲಿನದನ್ನೆಲ್ಲ ಒರೆಸಿ ತೆಗೆದು, ನಾಲ್ಕೈದು ದಿನ ಗಾಳಿಗಿಡಬೇಕು. ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟಿ ಮುದ್ದೆಯಾದ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ತಂತಿಯ ಮೇಲೆ ಹರವಬೇಕು.

ಉಜ್ಜಿ ಹೊಳಪು ತರುವ ಉರುಳುಡಬ್ಬಿಯ ಯಂತ್ರವನ್ನು ಈಗ ಕೆಲವರು ತರಿಸುತ್ತಾರೆ. ಅದರಲ್ಲಿ ನಾಲ್ಕು ಹಂತ, ಅಂಕಿ ಹೆಚ್ಚಿದಷ್ಟೂ ಉಜ್ಜುವ ಪುಡಿ ನುಣ್ಣಗೆ: 60/90ರ ದಪ್ಪ ಪುಡಿ, 120/220, 500, ಕೊನೆಗೆ ಅಲ್ಯೂಮಿನಿಯಂ ಆಕ್ಸೈಡಿನ ಹೊಳಪು ಪುಡಿ. ಒಂದೊಂದಕ್ಕೂ ಸುಮಾರು ಒಂದು ವಾರ. ಕಡಲ ಕಲ್ಲಿಗೆ ಮೊದಲ ಹಂತದ ಕೆಲಸವನ್ನು ತೆರೆಗಳೇ ಮುಗಿಸಿರುವುದರಿಂದ ಎರಡನೆಯದರಿಂದ ಶುರುಮಾಡಬಹುದು. ಡಬ್ಬಿ ಮುಕ್ಕಾಲು ತುಂಬಿರಬೇಕು. ಕಡಿಮೆಯಾದರೆ ಕಲ್ಲುಗಳು ಜಾರುವ ಬದಲು ಬಿದ್ದು ಚಕ್ಕೆ ಏಳುತ್ತವೆ. ಮೆದು ಕಲ್ಲು, ಗಟ್ಟಿ ಕಲ್ಲು ಬೆರೆಸಿದರೆ ಮೆದುವಿನದು ಕರಗಿ ಹೋಗುತ್ತದೆ. ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಕಲ್ಲು, ಡಬ್ಬಿ, ಮುಚ್ಚಳ ಎಲ್ಲವನ್ನೂ ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು, ದಪ್ಪ ಪುಡಿಯ ಒಂದು ಕಣ ಉಳಿದರೂ ಹೊಳಪು ಬಾರದು. ಉಳಿದ ಕೆಸರನ್ನು ಬಚ್ಚಲಿಗೆ ಸುರಿದರೆ ಪೈಪಿನಲ್ಲಿ ಸಿಮೆಂಟಿನಂತೆ ಕಟ್ಟಿಕೊಳ್ಳುತ್ತದೆ, ಮಣ್ಣಿನ ಗುಂಡಿಗೆ ಸುರಿಯಿರಿ. ಒಟ್ಟು ಮೂರು ವಾರದ ಕೆಲಸ. ಮಕ್ಕಳ ತಾಳ್ಮೆಗೆ ಒಳ್ಳೆಯ ಪಾಠ, ಕರೆಂಟು ಬಿಲ್ಲಿಗೆ ಅಷ್ಟೇನೂ ಭಾರವಲ್ಲ.

ಬಣ್ಣ ಬಳಿಯುವವರು ಹೆಚ್ಚಾಗಿ ಸೋಲುವುದು ಉಪ್ಪಿನಿಂದ. ತಂದ ದಿನವೇ ತೊಳೆದು ಬಳಿದದ್ದು ತಿಂಗಳೊಳಗೆ ಹೊಪ್ಪಳೆಯಾಗಿ ಏಳುತ್ತದೆ. ಕಲ್ಲಿನ ಬಿರುಕುಗಳಲ್ಲಿ ಕೂತ ಉಪ್ಪು ಗಾಳಿಯ ತೇವ ಎಳೆದುಕೊಂಡು ಕರಗುತ್ತದೆ, ಮತ್ತೆ ಹರಳುಗಟ್ಟುತ್ತದೆ, ಹಾಗೆ ಹಿಗ್ಗುತ್ತ ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಮೂರು ದಿನ ಸಿಹಿನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಸಂಜೆ ನೀರು ಬದಲಿಸಿ. ಆಮೇಲೆ ಪಾತ್ರೆ ಉಜ್ಜುವ ನಾರಿನಿಂದ, ಒಂದು ಹನಿ ಸೋಪಿನಿಂದ ತಿಕ್ಕಿ ಕಪ್ಪು ಬಟ್ಟೆಯ ಮೇಲೆ ಎರಡು ದಿನ ಒಣಗಿಸಿ. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಇನ್ನೂ ಉಪ್ಪಿದೆ, ಮತ್ತೆ ನೆನೆಹಾಕಬೇಕು. ಬೇಗ ಒಣಗಲೆಂದು ಒಲೆಯ ಮೇಲೋ ಓವನ್ನಿನಲ್ಲೋ ಇಡಲೇಬಾರದು. ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ, ಚೂರು ಕಣ್ಣಿಗೆ ಹಾರುತ್ತದೆ.

ಅಂಗಡಿಯ ಅಕ್ರಿಲಿಕ್ ಬಣ್ಣವಾದರೆ 220ರ ಸ್ಯಾಂಡ್ ಪೇಪರಿನಲ್ಲಿ ಒಮ್ಮೆ ಉಜ್ಜಿ, ತೆಳ್ಳಗೆ ಎರಡು ಕೈ ಬಳಿದು, ನಡುವೆ ಅರ್ಧ ತಾಸು ಬಿಟ್ಟು, ಒಂದು ದಿನ ಕಳೆದು ಅಕ್ಷರ ಬರೆದು, ಮತ್ತೊಂದು ದಿನದ ಮೇಲೆ ವಾರ್ನಿಷ್ ಎರಡು ಕೈ. ಅಂಗೈಯೊಳಗೆ ಕೂರುವ ಹತ್ತು ಚಪ್ಪಟೆ ಕಲ್ಲಿಗೆ 15 ಮಿ.ಲೀ.ನ ಒಂದು ಸಣ್ಣ ಬಾಟಲಿ ಸಾಕು. ದಪ್ಪ ಒಂದೇ ಕೈ ಬಳಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿದು, ಉಗುರು ತಾಗಿದರೆ ಸಿಪ್ಪೆಯಂತೆ ಸುಲಿದು ಬರುತ್ತದೆ. ಆ ಸಿಪ್ಪೆ ಪ್ಲಾಸ್ಟಿಕ್ಕೇ. ಆದ್ದರಿಂದಲೇ ಅಕ್ರಿಲಿಕ್ ಬಳಿದ ಕಲ್ಲು ಕಡಲ ಕರೆಗೆ, ಹೊಳೆಗೆ, ಕಾಡಿಗೆ ಎಂದೂ ಹೋಗಬಾರದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳು ಇಂಥ ಕಲ್ಲುಗಳನ್ನು ಕಸವೆಂದೇ ಪರಿಗಣಿಸಿ, ಬಿಟ್ಟುಹೋಗಬೇಡಿ ಎಂದು ಕೇಳಿಕೊಳ್ಳುತ್ತವೆ.

ಇದಕ್ಕಿಂತ ನಮ್ಮಲ್ಲೇ ಇರುವ ಬಣ್ಣಗಳು ವಾಸಿ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ ಬಳಸುತ್ತಾರೆ, ಕುಂಚ ಪುಂಡಿನಾರಿನದು. ಗೋಡೆಯ ಒರಟು ಮೈ ಅದನ್ನು ಹಿಡಿದುಕೊಳ್ಳುತ್ತದೆ. ನುಣುಪು ಕಲ್ಲಿಗೆ ಮಾತ್ರ ಅಂಟು ಸೇರಿಸಬೇಕು. 10 ಗ್ರಾಂ ಜಾಲಿ ಗೋಂದನ್ನು 30 ಮಿ.ಲೀ. ನೀರಲ್ಲಿ ರಾತ್ರಿ ನೆನೆಸಿ ಸೋಸಿ, ಹಳೆಯ ಹತ್ತಿಬಟ್ಟೆಯಲ್ಲಿ ಜರಡಿ ಹಿಡಿದ ಕೆಮ್ಮಣ್ಣು ಎರಡು ಚಮಚಕ್ಕೆ ಈ ಗೋಂದಿನ ನೀರು ಒಂದು ಚಮಚದಂತೆ ಕಲಸಿ, ಬೇಕಾದರೆ ಬರಿ ನೀರಿನಿಂದ ತೆಳ್ಳಗೆ ಮಾಡಿಕೊಳ್ಳಿ. ಒಣಗಿದ ಮೇಲೆ ಹೆಬ್ಬೆರಳಲ್ಲಿ ಉಜ್ಜಿದರೆ ಕೈಗೆ ಬಂದರೆ ಗೋಂದು ಸಾಲದು. ಬಿರುಕು ಬಿಟ್ಟು ಹೆಕ್ಕಳಿಕೆ ಎದ್ದರೆ ಹೆಚ್ಚಾಗಿದೆ. ಅಕ್ಕಿಯ ಬಿಳಿಗೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಇರುವೆಯೂ ಬರುತ್ತದೆ. ಆಗ ಸುಣ್ಣ ಒಳ್ಳೆಯದು, ಆದರೆ ಕಣ್ಣಿಗೆ ಬಿದ್ದರೆ ಅಪಾಯ, ಕಲಸುವ ಕೆಲಸ ದೊಡ್ಡವರದು. ಈ ಬಣ್ಣ ಮಳೆಗೆ ನಿಲ್ಲುವುದಿಲ್ಲ. ನಿಲ್ಲಬೇಕಾಗಿಯೂ ಇಲ್ಲ, ಕಲ್ಲು ಇರುವುದು ಅಜ್ಜಿಯ ಕಿಟಕಿಯ ಮೇಲೆ.

ಏನು ಬರೆಯಬೇಕು ಎಂಬುದಕ್ಕೆ ನಮ್ಮದೊಂದು ಸಲಹೆ. ಯಾರಿಗಾದರೂ ಒಪ್ಪುವ ಸುಭಾಷಿತಕ್ಕಿಂತ ಆ ಒಬ್ಬರಿಗೇ ಒಪ್ಪುವ ಮಾತು ಇರಲಿ. ಮೇಲೆ ಅವರ ಹೆಸರು ಅಥವಾ ಮನೆಯಲ್ಲಿ ಕರೆಯುವ ಅಕ್ಕರೆಯ ಹೆಸರು. ಅಡಿಯಲ್ಲಿ ಸಣ್ಣಗೆ ಊರು, ತಾರೀಖು, ಹೆಕ್ಕಿದವರ ಹೆಸರು: ‘ಕುಡ್ಲೆ, 14-12-2025, ಅಜ್ಜಿಗೆ, ಪುಟ್ಟಿಯಿಂದ’. ನೀರಿಗೆ ಅಳಿಯದ ಕಪ್ಪು ಪೆನ್ನು ಸಾಕು, ಅದನ್ನೂ ಕಲ್ಲು ಪೂರ್ತಿ ಒಣಗಿದ ಮೇಲೆಯೇ ಬಳಸಬೇಕು. ಈ ಅಡಿಬರಹ ಬಿಟ್ಟುಹೋದರೆ ಐದು ವರ್ಷದ ಮೇಲೆ ಅದು ಎಲ್ಲಿಯ ಕಲ್ಲೆಂದು ಯಾರಿಗೂ ನೆನಪಿರುವುದಿಲ್ಲ, ಮನೆ ಬದಲಿಸುವಾಗ ಮೊದಲು ಹೊರಗೆ ಬೀಳುವುದು ಅಂಥದ್ದೇ. ಬೆಣಚುಕಲ್ಲಿಗೆ ಏನೂ ಬರೆಯದೆ ಹತ್ತಿಬಟ್ಟೆಯ ಸಣ್ಣ ಚೀಲದಲ್ಲಿ ಚೀಟಿಯೊಡನೆ ಕೊಡಬಹುದು.

ಚಿಕ್ಕ ಮಕ್ಕಳಿಗೆ ಕಲ್ಲಾಟದ ಐದು ಕಲ್ಲಿಗಿಂತ ಒಳ್ಳೆಯ ಉಡುಗೊರೆ ಕಾಣೆವು. ಆರಿಸುವುದು ಮಾತ್ರ ಸುಲಭವಲ್ಲ. ಒಂದೊಂದೂ 2 ಸೆಂ.ಮೀ. ಆಸುಪಾಸು, ತೂಕ 10-12 ಗ್ರಾಂ, ಐದರಲ್ಲೂ ಎರಡು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬೇಡ. ಗೋಲಿಯಂತೆ ಪೂರ್ತಿ ಉರುಟಾದದ್ದು ನೆಲಕ್ಕೆ ಚೆಲ್ಲಿದರೆ ಓಡಿಹೋಗುತ್ತದೆ. ಬಿಲ್ಲೆಯಂತೆ ಚಪ್ಪಟೆಯಾದದ್ದು ನೆಲಕ್ಕೆ ಅಂಟಿ ಕೂತು ಬೆರಳಿಗೆ ಸಿಗುವುದಿಲ್ಲ. ಒಂದು ಬದಿ ತುಸು ತಟ್ಟಿದಂತಿರುವ ಉರುಟು ಕಲ್ಲು ಸರಿ. ಒಂದನ್ನು ಮೇಲಕ್ಕೆ ಹಾರಿಸಿ ಅದು ಕೈಗೆ ಬೀಳುವುದರೊಳಗೆ ನೆಲದಿಂದ ಮೊದಲು ಒಂದೊಂದು, ಆಮೇಲೆ ಎರಡೆರಡು, ಬಳಿಕ ಮೂರು ಮತ್ತು ಒಂದು, ಕೊನೆಗೆ ನಾಲ್ಕನ್ನೂ ಒಟ್ಟಿಗೆ ಎತ್ತುವ ಆಟ ಎಲ್ಲ ಊರಿನ ಅಜ್ಜಿಯರಿಗೂ ಗೊತ್ತು. ಕಲಿಸುವ ನೆಪದಲ್ಲಿ ಅಜ್ಜಿಯೂ ಮೊಮ್ಮಗಳೂ ಎದುರುಬದುರು ಕೂರುತ್ತಾರೆ. ಕಲ್ಲು ಸಿಗದಿದ್ದರೆ ಕಡಲ ಕರೆಯ ಪೊದೆಗಳ ಗಜ್ಜುಗದ ಬೀಜ ಹೆಕ್ಕಬಹುದು. ಬೂದುಬಣ್ಣದ ಆ ಗಟ್ಟಿ ಬೀಜ ನೀರಲ್ಲಿ ತೇಲಿ ದಡಕ್ಕೆ ಬಂದು ಬಿದ್ದಿರುತ್ತದೆ, ಅಳತೆಯೂ ಹೇಳಿ ಮಾಡಿಸಿದಂತಿರುತ್ತದೆ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಇವ್ಯಾವುದೂ ಬೇಡ. 4 ಸೆಂ.ಮೀ.ಗಿಂತ ಚಿಕ್ಕದು ಗಂಟಲಿಗೆ ಸಿಕ್ಕುವ ಅಪಾಯವಿದೆ.

ಆಸ್ಪತ್ರೆಯಲ್ಲಿರುವವರಿಗೆ ಕೊಡುವುದಾದರೆ ಬಣ್ಣವಿಲ್ಲದ, ಬಿರುಕಿಲ್ಲದ ನುಣುಪು ಕಲ್ಲನ್ನು ಸೋಪಿನಲ್ಲಿ ತೊಳೆದು, ನರ್ಸಮ್ಮನನ್ನು ಕೇಳಿಯೇ ಕೊಡಿ. ಪರದೇಶಕ್ಕೆ ಕಳಿಸುವುದಾದರೆ ಮಣ್ಣಿನ ಕಣವೂ ಇರದಂತೆ ಉಜ್ಜಬೇಕು. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಮಣ್ಣಂಟಿದ್ದನ್ನು ಒಳಗೆ ಬಿಡುವುದಿಲ್ಲ. ವಿಮಾನದಲ್ಲಿ ಕೈಚೀಲಕ್ಕಿಂತ ಒಳಗೆ ಹಾಕುವ ಪೆಟ್ಟಿಗೆಯಲ್ಲಿಡುವುದು ಸುರಕ್ಷಿತ, ಮುಷ್ಟಿಗಾತ್ರದ ಕಲ್ಲನ್ನು ಕೈಚೀಲದಲ್ಲಿ ಕಂಡರೆ ತಪಾಸಣೆಯವರು ತಡೆಯಬಹುದು.

ದಾರಿಯಲ್ಲಿ ಇಟ್ಟುಬರಬೇಕೆಂಬ ಆಸೆಯಿದ್ದವರು ಜನ ಕೂರುವ ಜಾಗವನ್ನು ಆರಿಸಲಿ: ಗ್ರಂಥಾಲಯದ ಮೇಜು, ಅಂಗಡಿಯ ಕಟ್ಟೆ, ಬಸ್ ನಿಲ್ದಾಣದ ಬೆಂಚು. ಅದನ್ನೂ ಅಲ್ಲಿಯವರನ್ನು ಕೇಳಿ ಇಡಬೇಕು. ನಡೆಯುವ ದಾರಿಯ ಮೇಲೆ, ಮೆಟ್ಟಿಲ ಮೇಲೆ, ಹುಲ್ಲು ಕತ್ತರಿಸುವ ಯಂತ್ರ ಓಡುವ ಕಡೆ ಇಡಬಾರದು. ಓಂ ಬೀಚಿನಂಥ ಕಡೆ ಒಂದರ ಮೇಲೊಂದು ಕಲ್ಲು ಪೇರಿಸಿ ಗೋಪುರ ಕಟ್ಟಿ ಫೋಟೋ ತೆಗೆದು ಹೋಗುವ ಚಾಳಿಯೂ ಬೆಳೆದಿದೆ. ಬೆಟ್ಟದ ಮೆಟ್ಟಿಲ ಬದಿಯಲ್ಲಿ ಸ್ವಂತ ಮನೆಯ ಹರಕೆ ಹೊತ್ತು ಕಲ್ಲಿನ ಮೇಲೆ ಕಲ್ಲಿಡುವವರ ಭಕ್ತಿಯನ್ನು ಇದರೊಂದಿಗೆ ಸೇರಿಸಲಾರೆವು, ಆದರೆ ತೀರದಲ್ಲಿ ಪೇರಿಸಿದ ಪ್ರತಿ ಕಲ್ಲೂ ಯಾವುದೋ ಏಡಿಯ ಮನೆಯ ಸೂರು. ಪೇರಿಸಿದ್ದರೆ ಹೊರಡುವ ಮೊದಲು ಇಳಿಸಿ, ಹರಡಿ ಹೋಗಿ.

ಮರಳಿಸುವ ಪದ್ಧತಿಯನ್ನೂ ಮನೆಗಳು ಬೆಳೆಸಿಕೊಳ್ಳಬಹುದು. ಬಣ್ಣ, ಎಣ್ಣೆ ತಾಗದ ಕಲ್ಲನ್ನು ಮರುವರ್ಷ ಅದೇ ಕರೆಗೆ ಒಯ್ದು ಬಿಟ್ಟು, ಇನ್ನೊಬ್ಬರ ಹೆಸರಿನಲ್ಲಿ ಇನ್ನೊಂದನ್ನು ತರುವುದು. ಅದೇ ಕರೆ ಎಂಬುದು ಮುಖ್ಯ. ಕಾರವಾರದ ಕಲ್ಲನ್ನು ಕಾಪುವಿನಲ್ಲಿ ಬಿಡಬಾರದು, ನೆಲದ ಕಥೆ ಕಲ್ಲಿನಿಂದಲೇ ಓದುವವರಿಗೆ ಅದು ತಪ್ಪು ಓದಿಸುತ್ತದೆ. ಅಡಿಬರಹದ ಊರಿನ ಹೆಸರು ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಒಂದು ಕಲ್ಲು ಎತ್ತುವ ಮುನ್ನ ಹತ್ತು ಪ್ಲಾಸ್ಟಿಕ್ ಚೂರು, ಬಲೆಯ ತುಂಡು, ಬಾಟಲಿಯ ಮುಚ್ಚಳ ಹೆಕ್ಕಬೇಕು ಎಂಬ ನಿಯಮವನ್ನು ಮಕ್ಕಳು ಖುಷಿಯಿಂದಲೇ ಪಾಲಿಸುತ್ತಾರೆ. ಚೀಲ ಎರಡಿರಲಿ, ಕಸಕ್ಕೆ ದೊಡ್ಡದು, ಕಲ್ಲಿಗೆ ಚಿಕ್ಕದು.

ಶಾಲೆಗಳಿಗೆ ಒಂದು ಕೋರಿಕೆ. ಪ್ರವಾಸದ ಹಿಂದಿನ ದಿನ ತರಗತಿಯಲ್ಲೇ ಪ್ರತಿ ಮಗುವಿನಿಂದ ಕಲ್ಲು ಯಾರಿಗೆಂದು ಹೆಸರು ಬರೆಸಿಕೊಳ್ಳಿ. ಬಸ್ಸು ಹತ್ತುವಾಗ ಹಾಜರಿಯ ಜೊತೆಗೆ ಕಲ್ಲನ್ನೂ ಎಣಿಸಿ, ಹೆಚ್ಚಿನದನ್ನು ಮಕ್ಕಳ ಕೈಯಿಂದಲೇ ಎತ್ತಿದ ಜಾಗಕ್ಕೆ ಮರಳಿಸಿ. ಅದಕ್ಕೆ ಹದಿನೈದು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ.

ಪತ್ರಿಕೆಯಲ್ಲಿಯೂ ಒಂದು ಕೋರಿಕೆ. ತಿಥಿ, ನಕ್ಷತ್ರ, ರಾಹುಕಾಲವನ್ನು ನೀವು ದಿನವೂ ಅಚ್ಚು ಹಾಕುತ್ತೀರಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಅದರ ಪಕ್ಕದಲ್ಲಿ ಕಾರವಾರ, ಮಲ್ಪೆ, ಮಂಗಳೂರಿನ ಭರತ ಇಳಿತದ ಹೊತ್ತನ್ನೂ ಎರಡು ಸಾಲಿನಲ್ಲಿ ಕೊಡಿ. ಘಟ್ಟದ ಮೇಲಿನಿಂದ ಬರುವ ಮೇಷ್ಟ್ರುಗಳು ಕಡಲ ದಂಡೆಯಲ್ಲಿ ಮಕ್ಕಳನ್ನು ಯಾವಾಗ ಇಳಿಸಬೇಕು, ಯಾವಾಗ ಮೇಲೆ ಕರೆಯಬೇಕು ಎಂದು ಹೊರಡುವ ಮುಂಚೆಯೇ ನೋಡಿಕೊಳ್ಳಲಿ.

ಇತಿ,
ಕರಾವಳಿಯ ಓದುಗರು,
ಕುಮಟಾ